ಕೊಡುವವರನ್ನೂ ಬೇಕಾದವರನ್ನೂ ಜೋಡಿಸುವ ವೆಬ್‌ಸೈಟ್ ಶುರು ಮಾಡುವುದು ಹೇಗೆ?

ಹುಬ್ಬಳ್ಳಿಯ ಒಂದು ವೃದ್ಧಾಶ್ರಮಕ್ಕೆ ಹೋಗಿದ್ದೆ. ಕಪಾಟಿನ ತುಂಬ ಹೊಸ ಚಾದರ, ಪ್ಲಾಸ್ಟಿಕ್ ಚೀಲ ಕೂಡ ಬಿಚ್ಚಿರಲಿಲ್ಲ. ಬಚ್ಚಲಲ್ಲಿ ಮಾತ್ರ ಹಿಡಿದುಕೊಳ್ಳಲು ಒಂದು ಕಂಬಿ ಇರಲಿಲ್ಲ. ಗೋಡೆ ಸವರುತ್ತ ಹೊರಬಂದ ಅಜ್ಜಿಯೊಬ್ಬರು, "ಚಾದರ ಭಾಳ ಅದಾವು ತಮ್ಮಾ, ಬಚ್ಚಲದಾಗ ಕಾಲು ಜಾರ್ತಾವು" ಎಂದರು.

ನಮ್ಮ ಕಡೆ ಕೊಡುವವರಿಗೆ ಬರವಿಲ್ಲ. ಎಲ್ಲಿ ಏನು ಬೇಕು ಅನ್ನುವುದು ಅವರಿಗೆ ಗೊತ್ತಾಗುವುದಿಲ್ಲ. ಸುಮ್ನೆ 'ದಾನ ಮಾಡಿ' ಅನ್ನುವ ಬಟನ್ ಇಟ್ಟರೆ ಇದು ಸರಿಹೋಗುವುದಿಲ್ಲ, ಅಲ್ವಾ?

ಹಾಗಾಗಿ ಮೊದಲ ಹೆಜ್ಜೆ ಕಂಪ್ಯೂಟರಿನದಲ್ಲ. ಒಂದು ನೋಟ್‌ಬುಕ್ ಹಿಡಿದು, ಚಿಗರಿ ಬಸ್ ಹತ್ತಿ, ಹುಬ್ಬಳ್ಳಿ-ಧಾರವಾಡದ ಹತ್ತು ಸಂಸ್ಥೆಗಳಿಗೆ ಹೋಗಿ ಬನ್ನಿ. ಆಫೀಸಿನಲ್ಲಿ ಕೂತು ಕೇಳಿದರೆ "ನಿಮ್ಮ ಕೈಲಾದಷ್ಟು ಕೊಡ್ರಿ" ಅನ್ನುತ್ತಾರೆ. ಅಡುಗೆಮನೆ, ಬಚ್ಚಲು ನೋಡಿ. ಅಡುಗೆಯವರನ್ನು ಮಾತಾಡಿಸಿ. ಯಾವುದು ಕಡಿಮೆ, ಯಾವುದು ಜಾಸ್ತಿ ಅಂತ ಅವರಷ್ಟು ಸರಿಯಾಗಿ ಯಾರೂ ಹೇಳುವುದಿಲ್ಲ.

ಎರಡನೆಯದು, ಬೇಡಿಕೆ ಬರೆಯುವುದು. ಇದಕ್ಕೆ ಎಷ್ಟು ಹೊತ್ತು ಕೊಟ್ಟರೂ ಜಾಸ್ತಿಯಲ್ಲ. 'ಬಡ ಮಕ್ಕಳಿಗೆ ಸಹಾಯ ಮಾಡಿ' ಅಂದರೆ ಯಾರೂ ಎದ್ದು ಬರುವುದಿಲ್ಲ. 'ಎಂಟನೇ ತರಗತಿಯ ಆರು ಮಕ್ಕಳಿಗೆ ಗಣಿತ ಹೇಳಿಕೊಡುವವರು ಬೇಕು; ಕೇಶ್ವಾಪುರ; ಭಾನುವಾರ ಬೆಳಿಗ್ಗೆ 10ರಿಂದ 12; ಎರಡು ತಿಂಗಳು' ಅಂತ ಬರೆಯಿರಿ. ಓದಿದವರಿಗೆ 'ಇದು ನನ್ನಿಂದಾಗುತ್ತದೆ' ಅನ್ನಿಸಬೇಕು. ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಹುಡುಗ ಹುಡುಗಿಯರು ಎಷ್ಟು ಜನ! ಅವರ ಹತ್ತಿರ ದುಡ್ಡಿಲ್ಲ, ಗಣಿತ ಇದೆ. ಪ್ರತಿ ಬೇಡಿಕೆಗೂ ತಾರೀಖು ಹಾಕಿ. ಹಳೆಯದಾದರೆ ಸಂಸ್ಥೆಗೆ ಫೋನ್ ಮಾಡಿ ವಿಚಾರಿಸಿ, ಬೇಡವಾಗಿದ್ದರೆ ತೆಗೆದುಬಿಡಿ.

ಆಮೇಲೆ ಕಾಗದಪತ್ರ. ಸಂಸ್ಥೆಯ ನೋಂದಣಿ ಪತ್ರ, ಪ್ಯಾನ್, ಸ್ವಯಂಸೇವಾ ಸಂಸ್ಥೆಗಳು ಹೆಸರು ನೋಂದಾಯಿಸುವ ನೀತಿ ಆಯೋಗದ ದರ್ಪಣ್ ಪೋರ್ಟಲ್‌ನ ಐಡಿ ನೋಡಿ. ಐಡಿ ಇದ್ದ ಮಾತ್ರಕ್ಕೆ ಸಂಸ್ಥೆ ಒಳ್ಳೆಯದು ಅಂತಲ್ಲ, ಕಣ್ಣಾರೆ ನೋಡಿಯೇ ಪಟ್ಟಿಗೆ ಸೇರಿಸಿ. ದಾನ ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ಸಿಗುವ ರಿಯಾಯಿತಿ (80ಜಿ ಅಂತ ಕರೆಯುವುದು) ಇದ್ದರೆ ಅದನ್ನೂ ಹಾಕಿ. 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ, ಅಥವಾ ಸಾಮಾನು ಕೊಟ್ಟರೆ ಆ ರಿಯಾಯಿತಿ ಸಿಗುವುದಿಲ್ಲ ಅಂತ ಪಕ್ಕದಲ್ಲೇ ಬರೆಯಿರಿ.

ದುಡ್ಡಿನ ವಿಷಯದಲ್ಲಿ ಗಟ್ಟಿಯಾಗಿರಿ. ಒಂದು ರೂಪಾಯಿಯೂ ನಿಮ್ಮ ಖಾತೆಗೆ ಬರಬಾರದು. ಸಂಸ್ಥೆಯ ಕ್ಯೂಆರ್ ಕೋಡನ್ನೇ ಹಾಕಿ. ಹಾಕುವ ಮೊದಲು ನೀವೇ ಸ್ಕ್ಯಾನ್ ಮಾಡಿ. ಪರದೆ ಮೇಲೆ ಸಂಸ್ಥೆಯ ಹೆಸರು ಕಾಣಬೇಕು. ಅಧ್ಯಕ್ಷರ ಸ್ವಂತ ಹೆಸರು ಕಂಡರೆ ಅಲ್ಲಿಗೇ ನಿಲ್ಲಿಸಿ. ಅಮೆರಿಕದ ಪೌರತ್ವ ಪಡೆದ ನಮ್ಮೂರಿನವರು ಕಳಿಸುತ್ತೇವೆ ಅಂದರೆ ಅದು ವಿದೇಶಿ ದೇಣಿಗೆ. ಅದನ್ನು ಪಡೆಯಲು ಸಂಸ್ಥೆಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಬೇಕು, ದುಡ್ಡು ಮೊದಲು ನವದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು.

ಇನ್ನು ಸೈಟು. ಮೊದಲೆರಡು ತಿಂಗಳು ಗೂಗಲ್ ಫಾರ್ಮ್, ಒಂದು ಶೀಟು, ವಾಟ್ಸ್‌ಆ್ಯಪ್ ಸಾಕು. ಇಪ್ಪತ್ತು ಬೇಡಿಕೆ ಪೂರೈಸಿದ ಮೇಲೆ ಕೋಡ್ ಬರೆಯದೆ ಸೈಟ್ ಮಾಡಲು ಬರುವ ವರ್ಡ್‌ಪ್ರೆಸ್‌ನಲ್ಲಿ ಸೈಟ್ ಕಟ್ಟಿ. ಕನ್ನಡದಲ್ಲಿರಲಿ, ಮೊಬೈಲ್‌ನಲ್ಲಿ ಬೇಗ ತೆರೆಯಲಿ. ಮೊದಲ ಪುಟದಲ್ಲೇ ಬೇಡಿಕೆಗಳ ಪಟ್ಟಿ ಇರಲಿ. ಫಾರ್ಮ್ ತುಂಬಲು ಬಾರದ ಹಿರಿಯರಿಗಾಗಿ ಫೋನ್ ನಂಬರ್ ದೊಡ್ಡದಾಗಿ ಹಾಕಿ.

ಸ್ವಯಂಸೇವಕರ ಗುರುತಿನ ಚೀಟಿ ನೋಡಿ, ಅವರನ್ನು ಬಲ್ಲ ಇಬ್ಬರ ಹತ್ತಿರ ಮಾತಾಡಿ. ಮಕ್ಕಳ ಜೊತೆ ಅವರೊಬ್ಬರನ್ನೇ ಬಿಡಬೇಡಿ. ಅನಾಥಾಶ್ರಮದ ಮಕ್ಕಳ ಮುಖ, ಹೆಸರು ಸೈಟಿನಲ್ಲಿ ಬೇಡವೇ ಬೇಡ. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಮಿನ ಪ್ರಕಾರ ಅದು ಅಪರಾಧ.

ಕೆಲಸ ಮುಗಿದ ದಿನವೇ ಕೊಟ್ಟವರಿಗೆ ಒಂದು ಫೋಟೊ ಕಳಿಸಿ. ಆ ವೃದ್ಧಾಶ್ರಮಕ್ಕೆ ಗೋಕುಲ ರಸ್ತೆಯ ವೆಲ್ಡರ್ ಒಬ್ಬರು ಬಂದು ಬಚ್ಚಲಿಗೆ ಎರಡು ಸ್ಟೀಲ್ ಕಂಬಿ ಕೂಡಿಸಿಕೊಟ್ಟರು. ಅರ್ಧ ದಿನದ ಕೆಲಸ. ಅವರಿಗೆ ಹೋದ ಫೋಟೊದಲ್ಲಿ ಅಜ್ಜಿಯ ಮುಖವಿಲ್ಲ. ಕಂಬಿ ಹಿಡಿದ ಕೈ, ಮಣಿಕಟ್ಟಿನ ಹಸಿರು ಬಳೆ ಇವೆ.