ಹುಳ ತಿಂದ ಎಲೆ ಕಂಡು ಖುಷಿಪಡಲು ಕಲಿತೆ

ಮನೆ ಮುಂದೆ 4 ಅಡಿ ಅಗಲ, 20 ಅಡಿ ಉದ್ದದ ಜಾಗವಿದೆ. ಅಲ್ಲಿ ಹುಲ್ಲುಹಾಸು ಬೆಳೆಸಲು ವರ್ಷಗಟ್ಟಲೆ ಒದ್ದಾಡಿದೆ. ದಿನಾ ನೀರುಣಿಸಿದರೂ ಒಂದು ಚಿಟ್ಟೆ ಬಂದು ಕೂತ ನೆನಪಿಲ್ಲ. ಕೊನೆಗೆ ಅದನ್ನು ಕಿತ್ತು, ಈ ನೆಲದ್ದೇ ಗಿಡಗಳನ್ನು ಹಾಕಲು ಹೊರಟೆ. ಗುದ್ದಲಿಗೆ ಮೊದಲು ಸಿಕ್ಕಿದ್ದು ಮಣ್ಣಲ್ಲ, ಮನೆ ಕಟ್ಟಿದಾಗ ಹೂತು ಹೋಗಿದ್ದ ಇಟ್ಟಿಗೆ ಚೂರು, ಗಾರೆ, ಜಲ್ಲಿ.

ಅದನ್ನೆಲ್ಲ ತೆಗೆದು ಬುಟ್ಟಿಗಟ್ಟಲೆ ಗೊಬ್ಬರ ಸುರಿದೆ. ದೊಡ್ಡ ತಪ್ಪು ಅದೇ. ತುಂಬೆ, ಗೊರಟೆ ಎಲ್ಲ ಸೊಂಪಾಗಿ ಎದ್ದವು, ಮೊದಲ ಜೋರು ಮಳೆಗೇ ಮಲಗಿಬಿಟ್ಟವು. ಬಡ ಮಣ್ಣಿನಲ್ಲಿ ಬಾಳುವ ಗಿಡಗಳಿಗೆ ಹಬ್ಬದೂಟ ಬಡಿಸಿದ್ದೆ. ಮುಂದಿನ ಮಳೆಗಾಲಕ್ಕೆ ಮಣ್ಣು ಸಡಿಲಿಸಿದ್ದಷ್ಟೇ. ಗೊಬ್ಬರ ಒಂದೊಂದು ಹಿಡಿ, ಮೇಲೆ 2-3 ಅಂಗುಲ ಒಣ ತರಗೆಲೆ. ಎಲೆ ಕಾಂಡಕ್ಕೆ ತಾಗದಂತೆ ಬಿಡಬೇಕು, ತಾಗಿದರೆ ಬುಡ ಕೊಳೆಯುತ್ತದೆ.

ಗೇಟಿನ ಬಳಿ ಎರಡು ಕಕ್ಕೆ ಹಾಕಿದ್ದೆ. ಒಂದು ಆಳೆತ್ತರದ್ದು, ಕೊಂಡು ತಂದದ್ದು. ಇನ್ನೊಂದು ನಾನೇ ಬೀಜದಿಂದ ಎಬ್ಬಿಸಿದ್ದು. ಕಕ್ಕೆ ಬೀಜದ ಸಿಪ್ಪೆ ಬಲು ಗಟ್ಟಿ, ಒಂದು ಬದಿ ಉಜ್ಜಿ ರಾತ್ರಿಯಿಡೀ ನೆನೆಸಿದರೆ ಬೇಗ ಮೊಳೆಯುತ್ತದೆ. ಮೂರನೇ ವರ್ಷಕ್ಕೆ ಬೀಜದ ಗಿಡವೇ ಮುಂದೆ ಹೋಯಿತು. ದೊಡ್ಡದರ ಬೇರು ಚೀಲದಲ್ಲೇ ಸುರುಳಿ ಸುತ್ತಿತ್ತು. ಅಂದಿನಿಂದ ನಾನು ತರುವುದು ಮೊಣಕೈ ಉದ್ದದ ಸಸಿಗಳನ್ನೇ.

ಇಂಥ ಗಿಡಗಳಿಗೆ ನೀರೇ ಬೇಡ ಅನ್ನುವವರಿದ್ದಾರೆ. ಬೇರೂರಿದ ಮೇಲೆ ಆ ಮಾತು ನಿಜ. ಮೊದಲ ಬೇಸಿಗೆಯಲ್ಲಿ ವಾರಕ್ಕೆ ಎರಡು ಸಲ, ಆಳಕ್ಕೆ ಇಳಿಯುವಂತೆ ನಾನು ಕೊಟ್ಟಿದ್ದೇನೆ. ದಿನಾ ಚಿಮುಕಿಸಿದರೆ ಬೇರು ಮೇಲೆಯೇ ಉಳಿಯುತ್ತದೆ.

ಇಷ್ಟೆಲ್ಲ ಮಾಡಿದ್ದಕ್ಕೆ ಉತ್ತರ ಕೊಟ್ಟದ್ದು ಮೂಲೆಯ ಎಕ್ಕ. ಒಂದು ಬೆಳಿಗ್ಗೆ ಅದರ ಎಲೆಗಳ ಮೇಲೆ ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳಗಳು. ಪಕ್ಕದ ಮನೆಯ ಅಜ್ಜಿ ಕಾಂಪೌಂಡಿನಿಂದಲೇ, "ಹುಳ ಹತ್ತಿದೆ ಕಣಮ್ಮ, ಔಷಧಿ ಹೊಡಿ" ಅಂದರು. ನನ್ನ ಕೈಯೂ ಒಂದು ಕ್ಷಣ ಔಷಧಿಯತ್ತ ಹೋಯಿತು. ಆದರೆ ಅವು ಪ್ಲೇನ್ ಟೈಗರ್ ಚಿಟ್ಟೆಯ ಮರಿಗಳು. ಎಕ್ಕದ ಹಾಲಿನ ವಿಷವನ್ನೇ ಮೈಯಲ್ಲಿ ಕೂಡಿಟ್ಟುಕೊಂಡು ಹಕ್ಕಿಗಳಿಗೆ ಬೇಡವಾಗುವ ಜೀವಗಳು. ಮೊಟ್ಟೆ ಇಡಲು ಆ ತಾಯಿಗೆ ಎಕ್ಕದಂಥ ಹಾಲಿನ ಗಿಡವೇ ಆಗಬೇಕು, ನನ್ನ ಹುಲ್ಲುಹಾಸಿನಲ್ಲಿ ಅವಳಿಗೇನಿತ್ತು? ಗಿಡ ಬೋಳಾಯಿತು, ಕೆಲವು ವಾರಗಳಲ್ಲಿ ಮತ್ತೆ ಚಿಗುರಿತು. (ಎಕ್ಕ ಕತ್ತರಿಸುವಾಗ ಹಾಲು ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಿ, ಅದು ಅಪಾಯ.)

ಒಂದು ಕೆಲಸ ಮಾತ್ರ ತಪ್ಪಿಸುವುದಿಲ್ಲ. ದಾರಿಯ ಕಡೆಯ ಅಂಚನ್ನು ನೇರವಾಗಿ ಕತ್ತರಿಸಿ, ಕಲ್ಲಿನ ಸಾಲು ಇಟ್ಟಿದ್ದೇನೆ. ಅಂಚು ಓರಣವಾಗಿದ್ದರೆ ಒಳಗಿನದನ್ನು ಯಾರೂ ಕಳೆ ಅನ್ನುವುದಿಲ್ಲ. ಈಗ ಅಜ್ಜಿ ಔಷಧಿಯ ಮಾತು ಎತ್ತುವುದಿಲ್ಲ. ಮೊನ್ನೆ ಅವರ ಕುಂಡಕ್ಕೂ ಒಂದು ತುಂಬೆ ಸಸಿ ಕೊಟ್ಟು ಬಂದೆ, ಗೊಬ್ಬರ ಹಾಕಬೇಡಿ ಎಂದು ಎರಡೆರಡು ಸಲ ಹೇಳಿ.