ಮನೆ ಬದಲಾಯಿಸುವಾಗ ಮೊದಲು ಮೆಟ್ಟಿಲು ಎಣಿಸಿ

ನಮ್ಮ ಯಜಮಾನರು ಬ್ಯಾಂಕಿನಲ್ಲಿದ್ದರು. ಮೂರು ನಾಲ್ಕು ವರ್ಷಕ್ಕೊಮ್ಮೆ ವರ್ಗ. ಶಿವಮೊಗ್ಗ, ಹುಬ್ಬಳ್ಳಿ, ಮೈಸೂರು, ಬೆಂಗಳೂರು ಅಂತ ಒಂಬತ್ತು ಸಲ ಸಾಮಾನು ಕಟ್ಟಿ ಬಿಚ್ಚಿದ್ದೇನೆ. ಹೋದ ತಿಂಗಳು ಮಗಳು ಫೋನ್ ಮಾಡಿದಳು. "ಅಮ್ಮಾ, ಬನಶಂಕರಿ ಮನೆ ಖಾಲಿ ಮಾಡ್ತಿದ್ದೀವಿ. ಪ್ಯಾಕರ್ಸ್‌ನವರನ್ನ ಕರೆಸ್ಲಾ, ಇಲ್ಲಾ ನಾವೇ ಒಂದು ಗಾಡಿ ಮಾಡ್ಕೊಂಡು ಸಾಗಿಸೋದಾ?" ನಾನು ದುಡ್ಡಿನ ಮಾತು ಎತ್ತಲಿಲ್ಲ. ಎರಡೂ ಕಡೆ ಮೆಟ್ಟಿಲು ಎಷ್ಟು, ಲಿಫ್ಟ್ ಇದೆಯಾ ಅಂತ ಕೇಳಿದೆ.

ಕಾರಣ ಇದೆ. ಹುಬ್ಬಳ್ಳಿಯಲ್ಲಿ ನಮ್ಮದು ಎರಡನೇ ಮಹಡಿ. ಕೂಲಿ ಯಾಕೆ ಕೊಡಬೇಕು ಅಂತ ಇವರು, ಜೊತೆಗೆ ಆಫೀಸಿನ ಇಬ್ಬರು ಹುಡುಗರು ಸೇರಿ ಕಬ್ಬಿಣದ ಬೀರು ಇಳಿಸಲು ಹೋದರು. ಮೆಟ್ಟಿಲು ತಿರುಗುವ ಜಾಗದಲ್ಲಿ ಬೀರು ಜಾರಿತು. ಇವರ ಬೆನ್ನು ಹಿಡಿದುಕೊಂಡಿತು. ಹೊಸ ಊರಿಗೆ ಹೋಗಿ ಒಂದು ತಿಂಗಳು ನೆಟ್ಟಗೆ ಕೂರಲು ಆಗಲಿಲ್ಲ. ಭಾರ ಹೊರುವುದೂ ಒಂದು ವಿದ್ಯೆ. ಹಮಾಲರು ಹಗ್ಗ ಹಾಕಿ, ಸೊಂಟ ಬಗ್ಗಿಸದೆ ಎತ್ತುವುದನ್ನು ನೋಡಿದರೆ ಗೊತ್ತಾಗುತ್ತದೆ. ಹಾಗಾಗಿ ಬೀರು, ಫ್ರಿಜ್, ವಾಷಿಂಗ್ ಮಷಿನ್, ದೊಡ್ಡ ಮಂಚ, ಇವುಗಳಲ್ಲಿ ಎರಡಕ್ಕಿಂತ ಜಾಸ್ತಿ ಇದ್ದು ಮೆಟ್ಟಿಲೂ ಇದ್ದರೆ, ಎತ್ತಲು ಜನ ಬೇಕೇ ಬೇಕು.

ಒಂದು ರೂಮಿನ ಮನೆ, ಅದೇ ಬಡಾವಣೆ, ಸಾಮಾನೂ ಕಡಿಮೆ ಅಂದರೆ ನೀವೇ ಮಾಡಿಕೊಳ್ಳಿ. ಟಾಟಾ ಏಸ್ ಗಾಡಿಗೆ ಸುಮಾರು ಮುಕ್ಕಾಲು ಟನ್ ಹೇರಬಹುದು. ಒಂದೋ ಎರಡೋ ಟ್ರಿಪ್‌ನಲ್ಲಿ ಮುಗಿಯುತ್ತದೆ. ತಿಂಗಳ ಕೊನೆ ಮತ್ತು ಭಾನುವಾರ ಬಿಟ್ಟು ವಾರದ ನಡುವೆ ಇಟ್ಟುಕೊಳ್ಳಿ. ಅಪಾರ್ಟ್‌ಮೆಂಟ್ ಆದರೆ ಸಾಮಾನು ಸಾಗಿಸಲು ಯಾವ ಹೊತ್ತಿಗೆ ಬಿಡುತ್ತಾರೆ ಅಂತ ಮೊದಲೇ ಕೇಳಿ. ಗಾಡಿ ಗೇಟಿನ ಮುಂದೆ ಸುಮ್ನೆ ನಿಂತರೂ ಬಾಡಿಗೆ ಏರುತ್ತದೆ.

ಮಗಳಿಗೆ ನಾನು ಹೇಳಿದ್ದು ನಡುವಿನ ದಾರಿ. ಕಟ್ಟುವುದು ನಾವು, ಎತ್ತುವುದು ಅವರು. ಅಡುಗೆಮನೆ ಮತ್ತು ದೇವರ ಮನೆಯನ್ನು ನಾನು ಯಾವತ್ತೂ ಬೇರೆಯವರ ಕೈಗೆ ಕೊಟ್ಟಿಲ್ಲ. ಸ್ಟೀಲ್ ಪಾತ್ರೆಗಳನ್ನು ಹಳೇ ಪಂಚೆ, ಹತ್ತಿ ಸೀರೆಯಲ್ಲಿ ಸುತ್ತಿ ಒಂದರೊಳಗೊಂದು ಇಡಿ. ಬಟ್ಟೆಯೂ ಸಾಗುತ್ತದೆ, ಪಾತ್ರೆಗೆ ಗೀರೂ ಬೀಳುವುದಿಲ್ಲ. ಗಾಜಿನ, ಪಿಂಗಾಣಿ ತಟ್ಟೆಗಳನ್ನು ಮಲಗಿಸಬೇಡಿ, ಪೇಪರ್ ಸುತ್ತಿ ನಿಲ್ಲಿಸಿ. ಪುಸ್ತಕಕ್ಕೆ ಸಣ್ಣ ಡಬ್ಬ, ಹಾಸಿಗೆ ಬಟ್ಟೆಗೆ ದೊಡ್ಡ ಡಬ್ಬ. ದೊಡ್ಡ ಡಬ್ಬಕ್ಕೆ ಪುಸ್ತಕ ತುಂಬಿದರೆ ಎತ್ತುವಾಗ ತಳ ಕಿತ್ತುಕೊಳ್ಳುತ್ತದೆ. ರುಬ್ಬುವ ಗುಂಡನ್ನು ಒಂದು ಗೋಣಿಚೀಲದಲ್ಲಿ ಅದೊಂದನ್ನೇ ಹಾಕಿ. ಉಪ್ಪಿನಕಾಯಿ ಭರಣಿಯ ಬಾಯಿಗೆ ಪ್ಲಾಸ್ಟಿಕ್ ಬಿಗಿದು ನಿಮ್ಮ ಕಾಲ ಹತ್ತಿರವೇ ಇಟ್ಟುಕೊಳ್ಳಿ. ಒಡವೆ ಮತ್ತು ಕಾಗದ ಪತ್ರದ ವಿಷಯ ಹೇಳಬೇಕಿಲ್ಲ ಅಲ್ವಾ.

ಊರಿಂದ ಊರಿಗೆ ಅಂದರೆ ಮಾತು ಬೇರೆ. ಅಲ್ಲಿ ಪ್ಯಾಕರ್ಸ್‌ನವರು ಬೇಕು, ಆದರೆ ಫೋನಿನಲ್ಲಿ ಹೇಳಿದ ರೇಟು ನಂಬಿ ಒಪ್ಪಬೇಡಿ. ಮನೆಗೆ ಬಂದು ಅಟ್ಟದ ಮೇಲಿನ ಸಾಮಾನೂ ನೋಡಿ ರೇಟು ಹೇಳಲಿ. ಮೈಸೂರಿಂದ ಬೆಂಗಳೂರಿಗೆ ಬಂದಾಗ ನಮಗೆ ಪೆಟ್ಟು ಬಿತ್ತು. ಸಾಮಾನೆಲ್ಲ ಲಾರಿ ಹತ್ತಿದ ಮೇಲೆ, ಮೆಟ್ಟಿಲು ಜಾಸ್ತಿ, ಡಬ್ಬ ಜಾಸ್ತಿ ಅಂತ ಇನ್ನೂ ಎಂಟು ಸಾವಿರ ಕೇಳಿದರು. ನಮ್ಮ ಇಡೀ ಸಂಸಾರ ಅವರ ಲಾರಿಯಲ್ಲಿತ್ತು. ಕೊಟ್ಟೆವು. ಇವತ್ತಿಗೂ ನೆನೆದರೆ ಹೊಟ್ಟೆ ಉರಿಯುತ್ತದೆ. ಅಲ್ಲಿಂದೀಚೆಗೆ ಹೇರುವ ಕೂಲಿ, ಇಳಿಸುವ ಕೂಲಿ, ಮಹಡಿ, ಟೋಲ್, ಟ್ಯಾಕ್ಸ್ ಎಲ್ಲ ಸೇರಿ ಇಷ್ಟು ಅಂತ ಬರೆಸಿಕೊಳ್ಳದೆ ಒಂದು ಚಮಚ ಕೂಡ ಹೊರಗೆ ಬಿಟ್ಟಿಲ್ಲ. ಡಬ್ಬಗಳಿಗೆ ನಂಬರ್ ಹಾಕಿ ಪಟ್ಟಿ ಮಾಡಿ, ಅವರ ಸಹಿ ತೆಗೆದುಕೊಳ್ಳಿ. ಲಾರಿಯ ಫೋಟೋ ನಂಬರ್ ಸಮೇತ ತೆಗೆಯಿರಿ. ಸ್ವಲ್ಪ ದುಡ್ಡು ಇಳಿಸಿದ ಮೇಲೆ ಕೊಡಲು ಉಳಿಸಿಕೊಳ್ಳಿ. ನಮ್ಮ ಸಾಮಾನಿಗೇ ಪೂರ್ತಿ ಲಾರಿಯೋ, ಬೇರೆಯವರದೂ ಸೇರುತ್ತದೋ ಕೇಳಿ. ಸೇರಿದರೆ ಬಾಡಿಗೆ ಕಡಿಮೆ, ಆದರೆ ಬರುವುದು ತಡ. "ಇನ್ಶೂರೆನ್ಸ್ ಇದೆ ಮೇಡಂ" ಅಂದರೆ ಸಾಲದು, ಯಾವ ಸಾಮಾನಿಗೆ ಎಷ್ಟು ಬೆಲೆ ಅಂತ ಬರೆದ ಕಾಗದ ಕೈಗೆ ಬರಬೇಕು.

ಫ್ರಿಜ್ ಹಿಂದಿನ ದಿನವೇ ಆಫ್ ಮಾಡಿ ನೀರು ಒರೆಸಿ. ನಿಲ್ಲಿಸಿಯೇ ಸಾಗಿಸಬೇಕು. ಮಲಗಿಸಿದರೆ ಕಂಪ್ರೆಸರಿನ ಎಣ್ಣೆ ಪೈಪಿಗೆ ಹರಿಯುತ್ತದೆ. ಹೊಸ ಮನೆಯಲ್ಲೂ ಕೆಲವು ಗಂಟೆ ಹಾಗೇ ಬಿಟ್ಟು ಆಮೇಲೆ ಆನ್ ಮಾಡಿ. ಮುಂದೆ ಬಾಗಿಲಿರುವ ವಾಷಿಂಗ್ ಮಷಿನ್ ಕೊಂಡಾಗ ಹಿಂಬದಿಯಲ್ಲಿ ಉದ್ದನೆಯ ಬೋಲ್ಟುಗಳಿದ್ದವಲ್ಲ, ಅವನ್ನು ಹುಡುಕಿ ಮತ್ತೆ ಹಾಕಿಸಿ. ಇಲ್ಲದಿದ್ದರೆ ದಾರಿಯುದ್ದಕ್ಕೂ ಡ್ರಮ್ ಕುಲುಕಾಡಿ ಕೆಡುತ್ತದೆ. ಇನ್ವರ್ಟರ್ ಬ್ಯಾಟರಿಯೊಳಗೆ ಆಸಿಡ್ ಇರುತ್ತದೆ, ವಾಲಿಸಲೇಬಾರದು. ತುಂಬಿದ ಗ್ಯಾಸ್ ಸಿಲಿಂಡರನ್ನು ಲಾರಿಗೆ ಹಾಕಬೇಡಿ. ಬೇರೆ ಊರಿಗಾದರೆ ಸಿಲಿಂಡರ್, ರೆಗ್ಯುಲೇಟರ್ ಎರಡನ್ನೂ ಏಜೆನ್ಸಿಗೆ ಒಪ್ಪಿಸಿ, ಡಿಪಾಸಿಟ್ ವಾಪಸ್ ಪಡೆದು, ಅವರು ಕೊಡುವ ಚೀಟಿ ಜೋಪಾನವಾಗಿಡಿ. ಹೊಸ ಊರಲ್ಲಿ ಕನೆಕ್ಷನ್‌ಗೆ ಅದನ್ನೇ ಕೇಳುತ್ತಾರೆ.

ಕೊನೆಗೆ ಒಂದು ಕೈಚೀಲ. ಹಾಲು ಉಕ್ಕಿಸುವ ಪಾತ್ರೆ, ಬೆಂಕಿಪೊಟ್ಟಣ, ದೀಪ, ಎಣ್ಣೆ, ಮಾತ್ರೆಗಳು, ಸ್ಕ್ರೂಡ್ರೈವರ್, ಎರಡು ಬಲ್ಬು, ಒಂದು ಜೊತೆ ಬಟ್ಟೆ. ಆ ಚೀಲ ಮಾತ್ರ ಯಾರು ಕೇಳಿದರೂ ಲಾರಿಗೆ ಕೊಡಬೇಡಿ.