ಒಂದೇ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಮತ್ತು ಲಿನಕ್ಸ್: ಜಾಗ ಬಿಡಿಸುವಾಗ ಎಡವದಿರಿ

ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಹಳೆಯ ಕಡತಗಳಿಗಾಗಿ ವಿಂಡೋಸ್ ಬಿಡಲಾಗದು, ಓದಿಗೋ ಪ್ರೋಗ್ರಾಮಿಂಗ್‌ಗೋ ಲಿನಕ್ಸ್ ಬೇಕು ಎನ್ನುವವರಿಗೆ ಎರಡನ್ನೂ ಒಂದೇ ಯಂತ್ರದಲ್ಲಿ ಇರಿಸಿಕೊಳ್ಳುವುದು ಒಳ್ಳೆಯ ದಾರಿ. ಆದರೆ ಹೀಗೆ ಹೊರಟು, ಎರಡೂ ತೆರೆಯದ ಲ್ಯಾಪ್‌ಟಾಪನ್ನು ನನ್ನ ಬಳಿ ತಂದವರಲ್ಲಿ ಹೆಚ್ಚಿನವರು ಲಿನಕ್ಸ್ ಹಾಕುವುದಕ್ಕೂ ಮೊದಲೇ, ಡಿಸ್ಕಿನಲ್ಲಿ ಜಾಗ ಬಿಡಿಸಿಕೊಳ್ಳುವ ಹಂತದಲ್ಲಿ ಎಡವಿದ್ದರು.

ಮೊದಲು ಫೋಟೊ, ದಾಖಲೆಗಳನ್ನೆಲ್ಲ ಹೊರಗಿನ ಹಾರ್ಡ್‌ಡಿಸ್ಕಿಗೆ ನಕಲಿಸಿಕೊಳ್ಳಿ. ಅದೇ ಲ್ಯಾಪ್‌ಟಾಪಿನ ಡಿ ಡ್ರೈವ್‌ಗೆ ಹಾಕಿಟ್ಟರೆ ಅದು ಬ್ಯಾಕಪ್ ಆಗುವುದಿಲ್ಲ.

ಬಳಿಕ ಬಿಟ್‌ಲಾಕರ್, ಅಂದರೆ ಡಿಸ್ಕಿನಲ್ಲಿರುವುದನ್ನು ಕೀ ಇಲ್ಲದೆ ಓದಲಾಗದಂತೆ ಮಾಡುವ ವಿಂಡೋಸ್‌ನ ಗೂಢಲಿಪೀಕರಣ ಸೌಲಭ್ಯದ ಕಡೆ ಗಮನ ಕೊಡಿ. ವಿಂಡೋಸ್ 11 ಇರುವ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕಿನ ಗೂಢಲಿಪೀಕರಣ ನಿಮಗೆ ತಿಳಿಯದಂತೆಯೇ ಆನ್ ಆಗಿರಬಹುದು. ಆಗ ಬಯೋಸ್‌ನಲ್ಲಿ (ಯಂತ್ರ ಆನ್ ಆದೊಡನೆ ಮೊದಲು ಓಡುವ ಮೂಲ ತಂತ್ರಾಂಶ) ಏನಾದರೂ ಬದಲಿಸಿದೊಡನೆ ನೀಲಿ ಪರದೆ ಬಂದು 48 ಅಂಕಿಗಳ ರಿಕವರಿ ಕೀ ಕೇಳಬಹುದು. ಅದು ಕೈಯಲ್ಲಿಲ್ಲದಿದ್ದರೆ ಕಡತಗಳು ಹೋದಂತೆಯೇ. ಆದ್ದರಿಂದ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುವ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಂಡು, ಸೆಟ್ಟಿಂಗ್ಸ್‌ನಲ್ಲಿ ಗೂಢಲಿಪೀಕರಣವನ್ನು ಆಫ್ ಮಾಡಿ, ಅದು ಪೂರ್ತಿ ಮುಗಿಯುವವರೆಗೆ ಕಾಯಿರಿ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಅನ್ನೂ ತೆಗೆದುಹಾಕಿ. ಅದು ಆನ್ ಇದ್ದರೆ ಶಟ್‌ಡೌನ್ ಮಾಡಿದಾಗಲೂ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲವಾದ್ದರಿಂದ, ಲಿನಕ್ಸ್‌ನಿಂದ ಸಿ ಡ್ರೈವ್‌ಗೆ ಏನನ್ನೂ ಬರೆಯಲಾಗುವುದಿಲ್ಲ.

ಈಗ ಜಾಗ ಬಿಡಿಸುವ ಕೆಲಸ. ಇದಕ್ಕೆ ವಿಂಡೋಸ್‌ನದೇ ಡಿಸ್ಕ್ ಮ್ಯಾನೇಜ್‌ಮೆಂಟ್ ಸಾಕು. ಉಚಿತವೆಂದು ಇಳಿಸಿಕೊಳ್ಳುವ ಪಾರ್ಟಿಷನ್ (ಡಿಸ್ಕಿನ ಭಾಗ) ತಂತ್ರಾಂಶಗಳನ್ನು ದಯವಿಟ್ಟು ಮುಟ್ಟಬೇಡಿ. ಸಿ ಡ್ರೈವ್ ಮೇಲೆ ಬಲ ಗುಂಡಿ ಒತ್ತಿ ಶ್ರಿಂಕ್ ವಾಲ್ಯೂಮ್ ಆರಿಸಿದರೆ ಒಂದು ಪುಟ್ಟ ಪೆಟ್ಟಿಗೆ ತೆರೆದುಕೊಳ್ಳುತ್ತದೆ. ಅದು ಕೇಳುವುದು ಸಿ ಡ್ರೈವ್‌ನಿಂದ ಎಷ್ಟು ಕಡಿಮೆ ಮಾಡಬೇಕು ಎಂಬುದನ್ನು, ಅದೂ ಎಂಬಿ ಲೆಕ್ಕದಲ್ಲಿ. ಒಬ್ಬ ವಿದ್ಯಾರ್ಥಿ ಅಲ್ಲಿ 60 ಎಂದು ಬರೆದು, 60 ಜಿಬಿ ಸಿಕ್ಕಿತೆಂದು ನಂಬಿ ಮುಂದುವರಿದಿದ್ದ. 60 ಜಿಬಿ ಬೇಕಾದರೆ 61440 ಎಂದು ಬರೆಯಬೇಕು. ಲಿನಕ್ಸ್‌ನ ಜನಪ್ರಿಯ ರೂಪವಾದ ಉಬುಂಟುವಿಗೆ 25 ಜಿಬಿ ಸಾಕೆನ್ನುತ್ತಾರಾದರೂ 60ಕ್ಕಿಂತ ಕಡಿಮೆ ಇಡಬೇಡಿ ಎಂಬುದು ನನ್ನ ಸಲಹೆ.

200 ಜಿಬಿ ಖಾಲಿ ಇದ್ದರೂ ಕೆಲವೊಮ್ಮೆ ಆ ಪೆಟ್ಟಿಗೆ ಕೆಲವೇ ಜಿಬಿ ಕೊಡುತ್ತೇನೆ ಎನ್ನುತ್ತದೆ. ಪೇಜ್ ಫೈಲ್, ಹೈಬರ್ನೇಷನ್ ಫೈಲ್, ರಿಸ್ಟೋರ್ ಪಾಯಿಂಟ್‌ಗಳಂಥ ಕದಲಿಸಲಾಗದ ಕಡತಗಳು ಡಿಸ್ಕಿನ ನಡುವೆ ಕುಳಿತಿರುವುದೇ ಇದಕ್ಕೆ ಕಾರಣ. ಬೇಸರಗೊಂಡು ಬೇರೆ ಯಾವುದೋ ಪಾರ್ಟಿಷನ್ ಅಳಿಸಲು ಹೋಗಬೇಡಿ. ಈ ಮೂರನ್ನೂ ತಾತ್ಕಾಲಿಕವಾಗಿ ನಿಲ್ಲಿಸಿ, ರೀಸ್ಟಾರ್ಟ್ ಮಾಡಿ, ಮತ್ತೆ ಪ್ರಯತ್ನಿಸಿ. ಜಾಗ ಬಿಟ್ಟಾಗ ಕಪ್ಪು ಪಟ್ಟಿಯ ಕೆಳಗೆ ಅನ್‌ಅಲೊಕೇಟೆಡ್ ಎಂದು ಕಾಣಿಸುತ್ತದೆ. ಅದನ್ನು ಹಾಗೆಯೇ ಬಿಡಿ. ಅದಕ್ಕೊಂದು ಹೊಸ ಡ್ರೈವ್ ಅಕ್ಷರ ಕೊಟ್ಟು ಫಾರ್ಮ್ಯಾಟ್ ಮಾಡಿದರೆ ಮಾಡಿದ ಕೆಲಸವೆಲ್ಲ ವ್ಯರ್ಥ. ಅದೇ ಡಿಸ್ಕಿನಲ್ಲಿರುವ, ಯಂತ್ರ ಏಳಲು ಬೇಕಾದ ಕಡತಗಳನ್ನು ಹೊತ್ತ 100 ಎಂಬಿ ಆಸುಪಾಸಿನ ಇಎಫ್‌ಐ ಪಾರ್ಟಿಷನ್ ಯಾವುದಕ್ಕೂ ಬಾರದ್ದೆಂದು ಅಳಿಸಿದರೆ ವಿಂಡೋಸ್ ಏಳುವುದೇ ಇಲ್ಲ.

ಉಳಿದದ್ದು ಸುಲಭ. ಉಬುಂಟು 24.04 ಎಲ್‌ಟಿಎಸ್ ಅನ್ನು ಅಧಿಕೃತ ತಾಣದಿಂದಲೇ ಇಳಿಸಿಕೊಂಡು, ರೂಫಸ್ ಎಂಬ ತಂತ್ರಾಂಶ ಬಳಸಿ 8 ಜಿಬಿಗೆ ಕಡಿಮೆಯಿಲ್ಲದ ಪೆನ್‌ಡ್ರೈವ್‌ಗೆ ಬರೆಯಿರಿ, ಪೆನ್‌ಡ್ರೈವ್‌ನಲ್ಲಿದ್ದದ್ದೆಲ್ಲ ಅಳಿಯುತ್ತದೆ. ಅದರಿಂದ ಬೂಟ್ ಮಾಡಿದಾಗ ಇನ್‌ಸ್ಟಾಲರ್ ಕೇಳುವ ಪ್ರಶ್ನೆಗಳಲ್ಲಿ ಒಂದನ್ನು ಮಾತ್ರ ಎರಡು ಸಲ ಓದಿ: ವಿಂಡೋಸ್ ಜೊತೆಗೇ ಹಾಕು ಎಂಬ ಆಯ್ಕೆ ನಿಮ್ಮದು, ಡಿಸ್ಕ್ ಅಳಿಸು ಎಂಬುದು ಅಲ್ಲ.

ಮುಗಿದ ಮೇಲೆ ವಿಂಡೋಸ್‌ನ ಗಡಿಯಾರ ಐದೂವರೆ ಗಂಟೆ ಹಿಂದೆ ಹೋದರೆ ಗಾಬರಿ ಬೇಡ. ಲಿನಕ್ಸ್ ಯಂತ್ರದ ಗಡಿಯಾರವನ್ನು ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯ) ಇಡುತ್ತದೆ, ವಿಂಡೋಸ್ ಅದನ್ನೇ ಸ್ಥಳೀಯ ಸಮಯವೆಂದು ಓದುತ್ತದೆ. ಲಿನಕ್ಸ್‌ಗೂ ಸ್ಥಳೀಯ ಸಮಯವನ್ನೇ ಬಳಸುವಂತೆ ಹೇಳಿದರೆ ಸರಿಹೋಗುತ್ತದೆ. ಮುಂದೆಂದಾದರೂ ಲಿನಕ್ಸ್ ಬೇಡವೆನಿಸಿದರೆ, ಮೊದಲು ಬಯೋಸ್‌ನ ಬೂಟ್ ಪಟ್ಟಿಯಲ್ಲಿ ವಿಂಡೋಸ್ ಬೂಟ್ ಮ್ಯಾನೇಜರನ್ನು ಮೇಲಕ್ಕೆ ತಂದು, ವಿಂಡೋಸ್ ನೇರವಾಗಿ ತೆರೆಯುವುದನ್ನು ಖಚಿತಪಡಿಸಿಕೊಂಡ ಬಳಿಕವೇ ಲಿನಕ್ಸ್ ಪಾರ್ಟಿಷನ್ ಅಳಿಸಿ.